ಸಹನೆ ಯಾರ ಗುಣ? ಪಾರ್ಶ್ವವಾಯು ಬಂದವರ ಮನೆಯವರು ಮತ್ತು ನಮ್ಮ ಓದು

(ಗಡಿನಾಡ ಕನ್ನಡದ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಕಾಸರಗೋಡಿನ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಗೆ ಚರ್ಚೆಯ ಒಂದು ಭಾಗವಿದೆ.)

ಧ್ವನಿ ಕೇಳಿಸ್ತಾ ಉಂಟು ಅಂದುಕೊಳ್ತೇನೆ. ನೆಟ್‌ವರ್ಕ್ ಕೈಕೊಟ್ಟರೆ ದಯವಿಟ್ಟು ಚಾಟ್‌ನಲ್ಲಿ ಬರೆಯಿರಿ, ನಾನು ಅಂಗಳಕ್ಕೆ ಹೋಗಿ ಮುಂದುವರಿಸ್ತೇನೆ.

ನನ್ನ ಹತ್ತಿರ ಸ್ಲೈಡ್ ಇಲ್ಲ. ಇರುವುದು ಒಂದು ಹಳೆಯ ಕಾಗದ. ನನ್ನ ಅಜ್ಜನಿಗೆ ಪಾರ್ಶ್ವವಾಯು ಬಡಿದು, ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಸೂಚನೆಗಳ ಹಾಳೆ. ಮೇಲೆ ಇಂಗ್ಲಿಷಿನಲ್ಲಿ ಔಷಧಿಗಳ ಹೆಸರು, ಕೆಳಗೆ ಮಲಯಾಳದಲ್ಲಿ ಆರೇಳು ಸಾಲು. ನಾನು ಆಗ ಹತ್ತನೇ ತರಗತಿ, ಕನ್ನಡ ಮಾಧ್ಯಮ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಇದು ನಮ್ಮ ಕಡೆಯ ಮಾಮೂಲಿ ಲೆಕ್ಕ. ಮಲಯಾಳ ಮಾತಾಡಲು ಬರ್ತಿತ್ತು, ಓದಲು ಅಕ್ಷರ ಕೂಡಿಸಿ ಕೂಡಿಸಿ ಬರ್ತಿತ್ತು. ಆ ಹಾಳೆಯನ್ನು ಅಜ್ಜಿಗೆ ಓದಿ ಹೇಳಿದವನು ನಾನೇ.

ಅದರಲ್ಲಿ ಒಂದು ಸಾಲು: ಎರಡು ಗಂಟೆಗೊಮ್ಮೆ 'ಚರಿಚ್ಚು ಕಿಡತ್ತುಗ'. 'ಕಿಡತ್ತುಗ' ಅಂದರೆ ಮಲಗಿಸಬೇಕು ಅಂತ ಗೊತ್ತಿತ್ತು. 'ಚರಿಚ್ಚು' ಗೊತ್ತಿರಲಿಲ್ಲ. ಕನ್ನಡದಲ್ಲಿ ಚರಿಸು ಅಂದರೆ ಓಡಾಡು. ಬಲಗೈ ಬಲಗಾಲು ಬಿದ್ದುಹೋದವರನ್ನು ಎಲ್ಲಿ ಓಡಾಡಿಸುವುದು? ಏನೋ ತಪ್ಪು ಅಚ್ಚಾಗಿರಬೇಕು ಅಂತ ಆ ಪದ ಬಿಟ್ಟೆ. "ಎರಡು ಗಂಟೆಗೊಮ್ಮೆ ಮಲಗಿಸ್ಬೇಕಂತೆ" ಅಂದೆ. ಅಜ್ಜಿ, "ಮಲಗಿಯೇ ಇದ್ದಾರಲ್ಲ" ಅಂದರು. ಆ ಪದದ ಅರ್ಥ 'ಪಕ್ಕಕ್ಕೆ ಹೊರಳಿಸಿ'. ಸೊಂಟದ ಕೆಳಗೆ ಹುಣ್ಣಾಗಿ ವಾಸನೆ ಬಂದ ಮೇಲೆ ಅದು ನಮಗೆ ಗೊತ್ತಾಯಿತು.

ಇದನ್ನು ಯಾರನ್ನೋ ದೂರಲು ಹೇಳ್ತಾ ಇಲ್ಲ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಆ ಹಾಳೆ ಒಂದು ಪಠ್ಯ. ಅದನ್ನು ಓದಬೇಕಾದವಳು ಒಬ್ಬಳು, ಅದು ಬರೆದಿರುವ ಭಾಷೆ ಇನ್ನೊಂದು. ಆ ಅಂತರವನ್ನು ತುಂಬಿದ್ದು ಹದಿನೈದು ವರ್ಷದ ಹುಡುಗನ ಅರೆಬರೆ ಅನುವಾದ. ಮುಂದೆ ಆರು ವರ್ಷ ಅಜ್ಜಿ ಅಜ್ಜನನ್ನು ನೋಡಿಕೊಂಡರು. ಊರಿನವರು ಬಂದಾಗಲೆಲ್ಲ ಹೇಳ್ತಾ ಇದ್ದ ಮಾತು: "ಅವರ ಸಹನೆ ಅಂದರೆ ಸಹನೆ." ನನ್ನ ಇವತ್ತಿನ ಪ್ರಬಂಧ ಆ ಒಂದು ಪದದ ಮೇಲೆ. ರೋಗಿಯನ್ನು ನೋಡಿಕೊಳ್ಳುವವರ ತಾಳಿಕೆಯನ್ನು ನಾವು ಅವರ ಸ್ವಭಾವ ಅಂತ ಓದ್ತೇವೆ. ಅದು ಸ್ವಭಾವಕ್ಕಿಂತ ಹೆಚ್ಚಾಗಿ ಒಂದು ಏರ್ಪಾಡು ಅನ್ನುವುದು ನನ್ನ ವಾದ. ಏರ್ಪಾಡು ಇದ್ದರೆ ತಾಳಿಕೆ ಇರುತ್ತದೆ. ಇಲ್ಲದಿದ್ದರೆ ಎಂಥವರೂ ಮುರೀತಾರೆ. ಮತ್ತು ನಮ್ಮ ಸಾಹಿತ್ಯ ವಿಮರ್ಶೆಯೂ ಈ ತಪ್ಪು ಓದಿನಲ್ಲಿ ಪಾಲು ಪಡೆದಿದೆ.

1. ಪ್ರಾಣೇಶಾಚಾರ್ಯರ ಬೆಳಗು

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ನಾವೆಲ್ಲ ಅದನ್ನು ಪಠ್ಯವಾಗಿ ಓದಿದವರು. ಪರೀಕ್ಷೆಯಲ್ಲಿ ಬರೆಯುವಾಗ ನಾರಣಪ್ಪನ ಹೆಣದಿಂದ ಶುರು ಮಾಡ್ತೇವೆ. ಕಾದಂಬರಿ ಶುರುವಾಗುವುದು ಹಾಗಲ್ಲ. ಅದು ಶುರುವಾಗುವುದು ಒಂದು ಆರೈಕೆಯ ಬೆಳಗಿನಿಂದ. ಆಚಾರ್ಯರು ಹಾಸಿಗೆ ಹಿಡಿದ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸ್ತಾರೆ, ಸೀರೆ ಉಡಿಸ್ತಾರೆ, ದೇವರ ಹೂವನ್ನು ಮುಡಿಸ್ತಾರೆ, ತೀರ್ಥ ಕೊಡ್ತಾರೆ, ಗಂಜಿ ತಂದು ಕೊಡ್ತಾರೆ. ಚಂದ್ರಿ ಸಾವಿನ ಸುದ್ದಿ ತರುವುದು ಇದೆಲ್ಲ ಆದ ಮೇಲೆ.

ಭಾಗೀರಥಿಯದು ಪಾರ್ಶ್ವವಾಯು ಅಂತ ಕಾದಂಬರಿ ಹೇಳುವುದಿಲ್ಲ, ನಾನೂ ಹಾಗೆ ಹೇಳ್ತಾ ಇಲ್ಲ. ನನಗೆ ಮುಖ್ಯ ಆ ದಿನಚರಿ. ಒಬ್ಬರು ಮಲಗಿದ್ದಾರೆ, ಇನ್ನೊಬ್ಬರು ಪ್ರತಿದಿನ ಅದೇ ಹೊತ್ತಿಗೆ ಅದೇ ಕೆಲಸ ಮಾಡ್ತಾರೆ, ಬದಲಿಗೆ ಯಾರೂ ಇಲ್ಲ. ಪಾರ್ಶ್ವವಾಯುವಿನ ಮನೆಗಳಲ್ಲಿ ಇರುವುದೂ ಇದೇ ಚಿತ್ರ.

ಈ ಕೆಲಸವನ್ನು ಆಚಾರ್ಯರು ಹೇಗೆ ಅರ್ಥ ಮಾಡಿಕೊಂಡಿದ್ದಾರೆ? ತಪಸ್ಸು ಅಂತ. ರೋಗಿಷ್ಠೆಯನ್ನು ಮದುವೆಯಾಗಿ ತಾನು ಮೋಕ್ಷಕ್ಕೆ ಮಾಗುತ್ತಿದ್ದೇನೆ ಅನ್ನುವ ಭಾವ ಅವರದು. ಬೇರೆ ಮದುವೆಯಾಗಿ ಅಂತ ಭಾಗೀರಥಿಯೇ ಒತ್ತಾಯಿಸಿದರೂ ಅವರು ನಕ್ಕು ಬಿಡ್ತಾರೆ. ವಿಮರ್ಶೆ ಇದನ್ನು ಅವರ ಅಹಂಕಾರದ ಸೂಕ್ಷ್ಮ ರೂಪ ಅಂತ ಗುರುತಿಸಿದೆ, ಅದು ಸರಿಯೇ. ಆದರೆ ಇನ್ನೊಂದು ಸಂಗತಿ ಉಳೀತದೆ. ಆರೈಕೆಯನ್ನು ತಪಸ್ಸು ಅಂತ ಕರೆದ ಕೂಡಲೇ ಅದರಲ್ಲಿ ದಣಿವಿಗೆ ಜಾಗ ಇರುವುದಿಲ್ಲ. ದಣಿದೆ ಅಂದರೆ ತಪಸ್ಸು ಕೆಟ್ಟ ಹಾಗೆ. ನೆರವು ಕೇಳಿದರೆ ಪುಣ್ಯ ಹಂಚಿಕೊಂಡ ಹಾಗೆ. ಇಡೀ ಅಗ್ರಹಾರ ಅವರನ್ನು ಗೌರವಿಸ್ತದೆ, ಧರ್ಮಸೂಕ್ಷ್ಮ ಕೇಳಲು ಜಗಲಿಗೆ ಬರ್ತದೆ. ಆದರೆ "ಇವತ್ತು ಭಾಗೀರಥಿಯನ್ನು ನಾವು ನೋಡಿಕೊಳ್ತೇವೆ" ಅನ್ನುವ ರೂಢಿ ದೂರ್ವಾಸಪುರದಲ್ಲಿ ಕಾಣುವುದಿಲ್ಲ. ನಮ್ಮ ಅಂಗಳಕ್ಕೂ ಜನ ಬರ್ತಾ ಇದ್ದರು, ಅಜ್ಜಿಯನ್ನು ಹೊಗಳ್ತಾ ಇದ್ದರು, ಚಹಾ ಕುಡಿದು ಹೋಗ್ತಾ ಇದ್ದರು. ಆ ಚಹಾ ಮಾಡುವವರೂ ಅಜ್ಜಿಯೇ.

ಇನ್ನು ಚಂದ್ರಿಯ ಭೇಟಿಯ ನಂತರದ ಭಾಗ. ಮನೆಗೆ ಮರಳಿದ ಆಚಾರ್ಯರು ಹೆಂಡತಿಗೆ ಸ್ನಾನ ಮಾಡಿಸುವಾಗ ಮೊದಲ ಬಾರಿಗೆ ಆ ದೇಹವನ್ನು ಕುರೂಪ ಅಂತ ಕಾಣ್ತಾರೆ, ಅಸಹ್ಯ ಪಡ್ತಾರೆ. ತರಗತಿಯಲ್ಲಿ ನಾವು ಇದನ್ನು ಸೌಂದರ್ಯಪ್ರಜ್ಞೆಯ ಎಚ್ಚರ ಅಂತ ಬರ್ಕೊಂಡಿದ್ದೇವೆ. ನನಗೆ ಅದರ ಜೊತೆಗೆ ಇನ್ನೊಂದು ಕಾಣ್ತದೆ. ವರ್ಷಗಟ್ಟಲೆ ಒಂದು ದೇಹವನ್ನು ತೊಳೆದವರಿಗೆ ಒಂದು ದಿನ ಅಸಹ್ಯ ಬರುವುದು ಪಾಪವಲ್ಲ, ಅಚ್ಚರಿಯೂ ಅಲ್ಲ. ಅಜ್ಜಿ ಒಮ್ಮೆ ಬಟ್ಟೆ ಬದಲಿಸುವಾಗ ಕೈ ತೆಗೆದು ಹೊರಗೆ ಹೋಗಿ ಬಾವಿಕಟ್ಟೆಯ ಹತ್ತಿರ ನಿಂತದ್ದನ್ನು ನಾನು ನೋಡಿದ್ದೇನೆ. ಅವರು ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದ ಮೇಲೆ ನನ್ನ ಮುಖ ನೋಡಲಿಲ್ಲ. ಅಸಹ್ಯಕ್ಕಿಂತ, ಅಸಹ್ಯ ಪಟ್ಟೆನಲ್ಲ ಅನ್ನುವ ನಾಚಿಕೆ ಅವರನ್ನು ಹೆಚ್ಚು ಸುಟ್ಟಿರಬೇಕು. ಅನಂತಮೂರ್ತಿ ಆ ಕ್ಷಣವನ್ನು ಮುಚ್ಚಿಡದೆ ಬರೆದಿದ್ದಾರೆ. ಓದಿನಲ್ಲಿ ಅದನ್ನು ಬೇಗ ಬೇಗ ತತ್ವಕ್ಕೆ ಏರಿಸಿಬಿಟ್ಟವರು ನಾವು.

ಭಾಗೀರಥಿ ಪ್ಲೇಗಿನಲ್ಲಿ ತೀರಿಕೊಳ್ತಾಳೆ. ಅವಳ ದಹನ ಮುಗಿಸಿ ಆಚಾರ್ಯರು ಊರು ಬಿಟ್ಟು ಗುರಿಯಿಲ್ಲದೆ ನಡೀತಾರೆ. ಇದಕ್ಕೂ ಅಸ್ತಿತ್ವವಾದದ ಅರ್ಥ ಉಂಟು, ಇರಲಿ. ಆದರೆ ಬೆಳಗಾದರೆ ಒಬ್ಬರಿಗೆ ಸ್ನಾನ ಮಾಡಿಸಬೇಕು ಅನ್ನುವ ಕೆಲಸ ಹಠಾತ್ತಾಗಿ ಇಲ್ಲವಾದ ಮನುಷ್ಯನೂ ಅವರೇ. ಅಜ್ಜ ಹೋದ ಮೇಲೆ ಅಜ್ಜಿ ತಿಂಗಳುಗಟ್ಟಲೆ ರಾತ್ರಿ ಎರಡು ಗಂಟೆಗೆ ಏಳ್ತಾ ಇದ್ದರು, ಹೊರಳಿಸಲು. ಎದ್ದು ಖಾಲಿ ಮಂಚದ ಹತ್ತಿರ ಕೂತಿರ್ತಾ ಇದ್ದರು. ರೋಗಿ ತೀರಿಕೊಂಡ ದಿನವೇ ನೋಡಿಕೊಂಡವರ ಕಥೆ ಮುಗಿಯುವುದಿಲ್ಲ ಅನ್ನುವುದನ್ನು ಕಾದಂಬರಿಯ ಎರಡನೇ ಅರ್ಧ ನನಗೆ ಕಲಿಸಿತು.

2. ಛಲದ ಪಕ್ಕದಲ್ಲಿ ಇರುವವರು

ಕಾಸರಗೋಡಿನವರಿಗೆ ನಿರಂಜನ ಅಂದರೆ 'ಚಿರಸ್ಮರಣೆ'. ಕಯ್ಯೂರಿನ ರೈತ ಹೋರಾಟದ ಕಾದಂಬರಿ ಅದು, 1955ರದ್ದು. ಅದೇ ನಿರಂಜನ ಮುಂದೆ ಪಾರ್ಶ್ವವಾಯುವಿಗೆ ತುತ್ತಾದರು. ಆ ಮೇಲೂ ಕೆಲಸ ನಿಲ್ಲಿಸಲಿಲ್ಲ. ಅವರ ಸಂಪಾದಕತ್ವದ 'ವಿಶ್ವಕಥಾಕೋಶ'ದ 25 ಸಂಪುಟಗಳು ಆ ನಂತರದ ದುಡಿಮೆ. ನಾವು ವಿದ್ಯಾರ್ಥಿಗಳು ಇದನ್ನು ಬರೆಯುವಾಗ ತಪ್ಪದೆ ಬಳಸುವ ಪದ 'ಛಲ'. ಒಪ್ಪತಕ್ಕದ್ದೇ. ಆದರೆ ಅದೇ ಮನೆಯಲ್ಲಿ ಅನುಪಮಾ ನಿರಂಜನ ಇದ್ದರು. ವೈದ್ಯೆ, ಕಾದಂಬರಿಗಾರ್ತಿ, ತಾಯಿ. ಒಬ್ಬ ಬರಹಗಾರ ಅರ್ಧ ದೇಹದೊಂದಿಗೆ ವರ್ಷಗಟ್ಟಲೆ ದುಡಿದರೆ ಆ ದುಡಿಮೆಯ ಹಿಂದೆ ಒಂದು ಮನೆಯ ದಿನಚರಿ ಇರಲೇಬೇಕು. ಸಾಹಿತ್ಯ ಚರಿತ್ರೆಯ ಟಿಪ್ಪಣಿಗಳಲ್ಲಿ ಆ ದಿನಚರಿಗೆ ಒಂದು ಸಾಲನ್ನೂ ನಾವು ಕೊಡುವುದಿಲ್ಲ. ಇಬ್ಬರನ್ನೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಓದ್ತೇವೆ, ಒಬ್ಬರು ಪ್ರಗತಿಶೀಲ ಸಾಹಿತ್ಯದಲ್ಲಿ, ಇನ್ನೊಬ್ಬರು ಮಹಿಳಾ ಸಾಹಿತ್ಯದಲ್ಲಿ.

ಅನುಪಮಾ ಅವರ ಇನ್ನೊಂದು ಕೆಲಸ ನನ್ನ ವಿಷಯಕ್ಕೆ ಇನ್ನೂ ಹತ್ತಿರ. 'ತಾಯಿ ಮಗು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಲ್ಲಿ ಅವರು ದೇಹದ ವಿಚಾರವನ್ನು ಮನೆಯವರು ಓದಬಲ್ಲ ಕನ್ನಡದಲ್ಲಿ ಬರೆದರು. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು 'ಉಪಯುಕ್ತ ಸಾಹಿತ್ಯ' ಅಂತ ಬದಿಗಿಡ್ತೇವೆ. ಅಜ್ಜಿಯ ಕೈಗೆ ಬರಬೇಕಿದ್ದ ಆ ಆರೇಳು ಸಾಲು ಈ ಪರಂಪರೆಗೆ ಸೇರಿದ ಬರಹ. ಅದು ಹೀಗಿದ್ದರೆ ಸಾಕಿತ್ತು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ, ಭುಜ ನೋಯ್ತದೆ. ಮಲಗಿಸಿಕೊಂಡು ಉಣ್ಣಿಸಬೇಡಿ, ಕೂರಿಸಿ ಚಿಕ್ಕ ಚಿಕ್ಕ ತುತ್ತು ಕೊಡಿ, ನುಂಗಿದ್ದನ್ನು ನೋಡಿ ಮುಂದಿನದು. ಕಾರಣವಿಲ್ಲದೆ ಅತ್ತರೆ ನಕ್ಕರೆ ಅದು ಮೆದುಳಿನ ಗಾಯದಿಂದಲೂ ಬರ್ತದೆ, ನಿಮ್ಮ ಮೇಲಿನ ಕೋಪವಲ್ಲ. ಮತ್ತು ಕೊನೆಯ ಸಾಲು: ವಾರಕ್ಕೆ ಒಂದು ರಾತ್ರಿ ಬೇರೆಯವರು ನೋಡಿಕೊಳ್ಳಲಿ, ನೀವು ನಿದ್ದೆ ಮಾಡಿ.

ಈ ಕೊನೆಯ ಸಾಲು ಯಾವ ಹಾಳೆಯಲ್ಲೂ ನನಗೆ ಕಂಡದ್ದಿಲ್ಲ.

3. 'ಉರಂಗಿಯೋ?'

ಕೇರಳದಲ್ಲಿ ಒಂದು ಒಳ್ಳೆಯ ಏರ್ಪಾಡು ಉಂಟು, ಅದನ್ನು ಹೇಳದಿದ್ದರೆ ಅನ್ಯಾಯ. 1993ರಲ್ಲಿ ಕೋಝಿಕೋಡಿನಲ್ಲಿ ಶುರುವಾದ ನೋವು ಮತ್ತು ಸಾಂತ್ವನ ಚಿಕಿತ್ಸೆಯ ಕೆಲಸ ಮುಂದೆ ಊರವರೇ ಭಾಗವಹಿಸುವ ಚಳವಳಿಯಾಯಿತು. 2008ರಲ್ಲಿ ರಾಜ್ಯ ಸರ್ಕಾರ ಪಾಲಿಯೇಟಿವ್ ಕೇರ್ ನೀತಿಯನ್ನೇ ತಂದಿತು, ದೇಶದಲ್ಲಿ ಮೊದಲು. ಪಂಚಾಯತಿನ ಮೂಲಕ ನರ್ಸ್ ಮನೆಗೇ ಬರ್ತಾರೆ. ಕ್ಯಾನ್ಸರ್ ರೋಗಿಗಳಿಗೆ ಮಾತ್ರವಲ್ಲ, ಪಾರ್ಶ್ವವಾಯುವಿನಿಂದ ಮಲಗಿದವರ ಮನೆಗೂ ಬರ್ತಾರೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆಯೂ ಉಂಟು. 600 ರೂಪಾಯಿಯಲ್ಲಿ ಏನಾಗ್ತದೆ ಅಂತ ಕೇಳಬಹುದು. ಆದರೆ ಹಣ ರೋಗಿಯ ಹೆಸರಿಗಲ್ಲ, ನೋಡಿಕೊಳ್ಳುವವರಿಗಾಗಿ ಅನ್ನುವುದನ್ನು ಗಮನಿಸಿ. ಮನೆಯಲ್ಲಿ ನಡೆಯುವುದು ಕೆಲಸ ಅಂತ ಒಂದು ಸರ್ಕಾರಿ ಕಾಗದ ಒಪ್ಪಿಕೊಂಡಿದೆ. 'ಸಹನೆ' ಅನ್ನುವ ಹೊಗಳಿಕೆಗಿಂತ ಅದು ಒಂದು ಹೆಜ್ಜೆ ಮುಂದೆ.

ನಮ್ಮ ಮನೆಗೆ ಬಂದ ನರ್ಸ್ ಮಲಯಾಳದವರು, ತುಳು ಅಲ್ಪಸ್ವಲ್ಪ ಬರ್ತಿತ್ತು. ಹುಣ್ಣನ್ನು ತೊಳೆದು, 'ಚರಿಚ್ಚು' ಅಂದರೆ ಏನು ಅಂತ ಕೈಯಲ್ಲಿ ಮಾಡಿ ತೋರಿಸಿದವರು ಅವರೇ. ಎರಡನೇ ಸಲ ಬಂದಾಗ ಅಜ್ಜಿಯನ್ನು ಕೇಳಿದರು: "ಉರಂಗಿಯೋ?" ನಿದ್ದೆ ಆಯಿತಾ ಅಂತ. ಮಲಯಾಳದ ಕ್ರಿಯಾಪದದಲ್ಲಿ ಪುರುಷವಾಚಕ ಪ್ರತ್ಯಯ ಇಲ್ಲ. ನಾನು, ನೀನು, ಅವರು ಎಲ್ಲರಿಗೂ ಒಂದೇ ರೂಪ. ಅಜ್ಜಿ ಅಜ್ಜನ ಬಗ್ಗೆ ಕೇಳಿದ್ದು ಅಂದುಕೊಂಡು, "ಮಲಗಿದ್ದಾರೆ, ಚೆನ್ನಾಗಿ ನಿದ್ದೆ ಮಾಡಿದ್ದಾರೆ" ಅಂದರು. ನರ್ಸ್ ತಲೆಯಾಡಿಸಿ, ಅಜ್ಜಿಯ ಕಡೆಗೇ ಬೆರಳು ತೋರಿಸಿದರು. ನೀವು, ನೀವು ಮಲಗಿದ್ದೀರಾ? ಅಜ್ಜಿಗೆ ಉತ್ತರ ಹೊಳೆಯಲಿಲ್ಲ. ಅಷ್ಟು ದಿನ ಮನೆಗೆ ಬಂದವರಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ದಿನ ಸಂಜೆ ಅಜ್ಜಿ ಅಮ್ಮನಿಗೆ ಹೇಳಿದರು, "ನನಗೆ ಒಂದು ರಾತ್ರಿ ಬೇಕು." ಅಷ್ಟೇ. ಮುಂದಿನ ಶನಿವಾರದಿಂದ ವಾರಕ್ಕೊಂದು ರಾತ್ರಿ ಮಾವ ಬಂದು ಮಲಗಲು ಶುರು ಮಾಡಿದರು. ಅಜ್ಜಿಯ ಸಹನೆ ಉಳಿದದ್ದು ಆ ಶನಿವಾರಗಳಿಂದ ಅಂತ ನನ್ನ ನಂಬಿಕೆ.

ಮಾತಿನ ಬಗ್ಗೆಯೂ ಒಂದು ಹೇಳಬೇಕು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಬಲಗಾಲಿನ ಜೊತೆ ಮಾತೂ ಹೋಗುವುದುಂಟು. ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಗಳೂ ಒಂದೇ ಹದದಲ್ಲಿ ಮರಳಬೇಕೆಂದಿಲ್ಲ. ಎಣಿಕೆ, ಹಾಡು, ಬಾಯಿಪಾಠ ಇಂಥವು ಉಳಿದ ಮಾತಿಗಿಂತ ಮೊದಲು ಬರುವುದೂ ಉಂಟು. ಅಜ್ಜನಿಗೆ ಮಲಯಾಳದ ಚಿತ್ರಪಟ ತೋರಿಸಿ ಮಾತು ಹೊರಡಿಸಲು ನೋಡಿದಾಗ ಅವರು ಸುಮ್ಮನೆ ನೋಡ್ತಾ ಇದ್ದರು. ಅಜ್ಜಿ ಅಡಿಕೆ ಎಣಿಸ್ತಾ ಕೂತಿದ್ದಾಗ ಒಂದು ದಿನ ಮಂಚದಿಂದ 'ಮೂರು' ಅಂತ ಕೇಳಿಸಿತು. ತುಳುವಿನ 'ಮೂಜಿ' ಅಲ್ಲ, ಮಲಯಾಳದ 'ಮೂನ್ನ್' ಅಲ್ಲ. ಅಜ್ಜ ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ, ಮಗ್ಗಿ ಕಲಿತದ್ದು ಕನ್ನಡದಲ್ಲಿ. ಗಡಿನಾಡಿನಲ್ಲಿ ಭಾಷೆಯ ಹಕ್ಕು ಅಂದರೆ ನಾವು ಶಾಲೆ, ಬಸ್ಸಿನ ಬೋರ್ಡು, ಅರ್ಜಿ ಅಂತ ಯೋಚಿಸ್ತೇವೆ. 1969ರ ಕೇರಳದ ರಾಜಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ಮಾಡುವ ಅವಕಾಶ ಉಂಟು. ಮನೆಗೆ ಕಳಿಸುವ ಹಾಳೆಯೂ ಒಂದು ವ್ಯವಹಾರವೇ. ಆ ಪಟ್ಟಿಯಲ್ಲಿ ಆಸ್ಪತ್ರೆಯ ಹಾಸಿಗೆಯನ್ನೂ ಸೇರಿಸಬೇಕು.

4. ತರಬೇತಿ ಮಾತ್ರ ಸಾಕೆ?

ಮನೆಯವರಿಗೆ ಕಲಿಸಿಕೊಟ್ಟರೆ ಆಯಿತಲ್ಲ ಅಂತ ಹೇಳುವವರಿದ್ದಾರೆ. ಇದನ್ನು ಪರೀಕ್ಷಿಸಿ ನೋಡಿದ್ದೂ ಉಂಟು. ಭಾರತದ 14 ಆಸ್ಪತ್ರೆಗಳಲ್ಲಿ 1250 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡ 'ಅಟೆಂಡ್' ಅಧ್ಯಯನ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ಮನೆಯವರಿಗೇ ವ್ಯಾಯಾಮ, ಚಲನೆ, ದಿನನಿತ್ಯದ ಅಭ್ಯಾಸಗಳ ತರಬೇತಿ ಕೊಟ್ಟರು. ಇನ್ನೊಂದರಲ್ಲಿ ಎಂದಿನ ಚಿಕಿತ್ಸೆ. ಆರು ತಿಂಗಳ ನಂತರ ನೋಡಿದರೆ ಸಾವು ಮತ್ತು ಪರಾವಲಂಬನೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಬ್ರಿಟನ್ನಿನ 36 ಪಾರ್ಶ್ವವಾಯು ಘಟಕಗಳಲ್ಲಿ ನೋಡಿಕೊಳ್ಳುವವರಿಗೆ ತರಬೇತಿ ಕೊಟ್ಟು ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಫಲಿತಾಂಶ ಹೀಗೆಯೇ. ರೋಗ ಬಂದ ಕೂಡಲೇ, ಆಸ್ಪತ್ರೆಯ ಆ ಗಡಿಬಿಡಿಯ ದಿನಗಳಲ್ಲಿ ಕಲಿಸುವುದು ಸರಿಯಾದ ಹೊತ್ತಲ್ಲದಿರಬಹುದು ಅಂತ ಸಂಶೋಧಕರೇ ಯೋಚಿಸಿದರು.

ಇದರಿಂದ ಕಲಿಸುವುದು ವ್ಯರ್ಥ ಅಂತ ನಾನು ಹೇಳುವುದಿಲ್ಲ. 'ಚರಿಚ್ಚು' ಗೊತ್ತಿದ್ದರೆ ಒಂದು ಹುಣ್ಣು ತಪ್ಪುತ್ತಿತ್ತು. ಆದರೆ ವೈದ್ಯ ವ್ಯವಸ್ಥೆ ಮಾಡಬೇಕಾದ ಕೆಲಸವನ್ನು ಒಂದು ಹಾಳೆಯ ಜೊತೆ ಮನೆಯವರ ಕೈಗೆ ದಾಟಿಸಿ, ಆಮೇಲೆ ಅವರ ಸಹನೆಯನ್ನು ಹೊಗಳಿದರೆ ಅದು ನೆರವಲ್ಲ. ಕಲಿಸಿದವರು ಮತ್ತೆ ಮನೆಗೆ ಬರಬೇಕು, ತಿಂಗಳ ಮೇಲೂ, ವರ್ಷದ ಮೇಲೂ. ನೋಡಿಕೊಳ್ಳುವವರ ಭಾಷೆಯಲ್ಲಿ ಮಾತಾಡಬೇಕು. ಅವರ ಬೆನ್ನುನೋವು, ಬಿ.ಪಿ., ನಿದ್ದೆ ಇವನ್ನೂ ಕೇಳಬೇಕು. ಸರದಿಗೆ ಇನ್ನೊಬ್ಬರು ಬೇಕು. ಮತ್ತು "ನನಗೆ ಸಾಕಾಯಿತು" ಅಂದರೆ ಕೇಳಿಸಿಕೊಳ್ಳುವ ಒಂದು ಕಿವಿ ಬೇಕು, ತಿರುಗಿ "ನಿಮ್ಮಂಥ ಪುಣ್ಯವಂತರು" ಅನ್ನದ ಕಿವಿ.

ವಿಮರ್ಶೆಯ ಪಾಲು ಬರುವುದು ಇಲ್ಲಿ. ತಾಳ್ಮೆಯ ಹೆಂಡತಿ, ತ್ಯಾಗದ ತಾಯಿ, ಸೇವೆಯ ಸೊಸೆ ಅಂತ ನಾವು ಪಾತ್ರಗಳಿಗೆ ವಿಶೇಷಣ ಅಂಟಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಈ ಕಥೆಯಲ್ಲಿ ಇವಳಿಗೆ ಬದಲಿ ಯಾರು? ಇವಳು ಯಾವಾಗ ಮಲಗುತ್ತಾಳೆ? ಇವಳ ಗೊಣಗಾಟವನ್ನು ಲೇಖಕರು ಕೇಳಿಸಿಕೊಂಡಿದ್ದಾರಾ, ಅಥವಾ ನಾವು ಓದುವಾಗ ದಾಟಿಸಿಬಿಟ್ಟೆವಾ? ಸಣ್ಣ ಪ್ರಶ್ನೆಗಳು. ಆದರೆ ಇವನ್ನು ಇಟ್ಟುಕೊಂಡು ಓದಿದಾಗ 'ಸಂಸ್ಕಾರ'ದ ಮೊದಲ ಪುಟವೇ ನನಗೆ ಬೇರೆಯಾಗಿ ಕಂಡಿತು.

ಚರ್ಚೆಯಿಂದ

ಒಬ್ಬ ಅಧ್ಯಾಪಕರ ಪ್ರಶ್ನೆ: 'ಸಂಸ್ಕಾರ'ವನ್ನು ಆರೈಕೆಯ ಕಥೆ ಅಂತ ಓದಿದರೆ ಅದರ ಜಾತಿ ಪ್ರಶ್ನೆ, ಚಂದ್ರಿಯ ಪ್ರಶ್ನೆ ಹಿಂದೆ ಸರಿಯುವುದಿಲ್ಲವೇ? ಗಂಡಸೊಬ್ಬನ ಆರೈಕೆಗೆ ಸಹಾನುಭೂತಿ ತೋರಿಸುವ ಅಪಾಯವೂ ಇದೆಯಲ್ಲ?

ಉತ್ತರ: ಅಪಾಯ ಉಂಟು ಸರ್, ಒಪ್ತೇನೆ. ನಾನು ಆ ಓದುಗಳನ್ನು ತೆಗೆದು ಇದನ್ನು ಇಡಬೇಕು ಅಂತ ಹೇಳುವುದಿಲ್ಲ. ಆಚಾರ್ಯರು ಗಂಡಸಾದ್ದರಿಂದಲೇ ಅವರ ಆರೈಕೆ ತಪಸ್ಸು ಅನ್ನಿಸಿಕೊಂಡಿತು. ಅದೇ ಕೆಲಸವನ್ನು ಹೆಂಗಸು ಮಾಡಿದ್ದರೆ ಕಾದಂಬರಿಯ ಮೊದಲ ಪುಟಕ್ಕೆ ಬರುತ್ತಿರಲಿಲ್ಲ, ಅದು ಮನೆಗೆಲಸ. ಇನ್ನು ಭಾಗೀರಥಿಯ ಕಡೆಯಿಂದ ನೋಡಿದರೆ, ಒಬ್ಬರ ಮೋಕ್ಷಕ್ಕೆ ಸಾಧನವಾಗಿ ಮಲಗಿರುವುದು ಎಂಥ ಭಾರ! ಅವಳು ಬೇರೆ ಮದುವೆಯಾಗಿ ಅನ್ನುವುದು ಬರೀ ತ್ಯಾಗವಲ್ಲ, ಆ ಭಾರದಿಂದ ಬಿಡುಗಡೆ ಕೇಳುವುದೂ ಇರಬಹುದು. ಅದನ್ನು ನಾನು ಪ್ರಬಂಧದಲ್ಲಿ ಹೇಳಬೇಕಿತ್ತು.

ಸೊಲ್ಲಾಪುರದಿಂದ ಭಾಗವಹಿಸಿದ್ದ ವಿದ್ಯಾರ್ಥಿನಿ: ನಮ್ಮ ಕಡೆ ಹಾಳೆ ಮರಾಠಿಯಲ್ಲಿರ್ತದ. ನಮ್ಮವ್ವಗ ಮರಾಠಿ ತಿಳೀತದ, ಓದಾಕ ಬರಂಗಿಲ್ಲ. ಕನ್ನಡದಾಗ ಕೊಟ್ರೂ ಓದಾಕ ಬರಂಗಿಲ್ಲ. ಆಗ ಏನು?

ಉತ್ತರ: ಒಳ್ಳೆಯ ಪ್ರಶ್ನೆ, ಮತ್ತು ನನ್ನ ವಾದಕ್ಕೆ ಬೇಕಾದ ತಿದ್ದುಪಡಿ. ನಮ್ಮ ಮನೆಯಲ್ಲಿಯೂ ಕೊನೆಗೆ ಉಪಯೋಗಕ್ಕೆ ಬಂದದ್ದು ಹಾಳೆಯಲ್ಲ, ನರ್ಸಿನ ಕೈ. ಅವರು ಅಜ್ಜನನ್ನು ಹೊರಳಿಸಿ ತೋರಿಸಿದರು, ಅಜ್ಜಿಯಿಂದ ಒಮ್ಮೆ ಮಾಡಿಸಿ ನೋಡಿದರು. ಹಾಳೆ ಕನ್ನಡದಲ್ಲಿ ಇರಲಿ ಅಂತ ಕೇಳುವುದನ್ನು ನಾವು ಬಿಡಬಾರದು. ಆದರೆ ಹಾಳೆಯ ಜೊತೆ ಒಬ್ಬ ಮನುಷ್ಯರೂ ಬರಲಿ ಅಂತ ಕೇಳಬೇಕು. ನಿಮ್ಮ ಅವ್ವನವರಿಗೆ ಸರದಿಗೆ ಯಾರಾದರೂ ಇದ್ದಾರಾ?

ವಿದ್ಯಾರ್ಥಿನಿ: ನಾನೇ ಇದ್ದೀನಿ. ಈಗ ಮೀಟಿಂಗ್ ಅಂತ ಹೇಳಿ ಬಂದೀನಿ.

ಉತ್ತರ: ಹಾಗಾದರೆ ನಾನು ಇಲ್ಲಿಗೇ ಮುಗಿಸ್ತೇನೆ. ನೀವು ಹೋಗಿ. ಉಳಿದ ಪ್ರಶ್ನೆಗಳನ್ನು ಚಾಟ್‌ನಲ್ಲಿ ಹಾಕಿ, ಬರೆದು ಉತ್ತರಿಸ್ತೇನೆ.